ಕಸದ ಯಾರ್ಡ್ ವಿಸ್ತರಣೆಗಾಗಿ ಮಹಾಯೋಜನೆಯಲ್ಲಿ ಭೂ ಉಪಯೋಗ ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಯಾವುದಾದರೂ ನಗರದ ಕಸದ ಯಾರ್ಡ್ ತುಂಬಿ, ಪಕ್ಕದ ಜಮೀನನ್ನೂ ಅದಕ್ಕೆ ಸೇರಿಸಿಕೊಳ್ಳಬೇಕೆಂದು ನಗರಪಾಲಿಕೆ ತೀರ್ಮಾನಿಸಿದರೆ, ಅಲ್ಲಿಗೆ ಲಾರಿ ಬರುವುದಕ್ಕೆ ಬಹಳ ಮುಂಚೆಯೇ ಒಂದು ಕಡತ ಹೊರಡುತ್ತದೆ. ‘ಭೂ ಉಪಯೋಗ ಬದಲಾವಣೆ’ ಎಂಬುದು ಅದರ ಹೆಸರು. ಊರಿನವರಿಗೆ ವಿಷಯ ತಿಳಿಯುವುದು ಸಾಮಾನ್ಯವಾಗಿ ಬೇಲಿ ಹಾಕಲು ಜೆಸಿಬಿ ಬಂದಾಗ. ಅಷ್ಟು ಹೊತ್ತಿಗೆ ಈ ಕಡತ ಮುಗಿದು ಕಪಾಟು ಸೇರಿರುತ್ತದೆ. ಯಾರ್ಡಿನ ಸುತ್ತ ಜಮೀನು, ಮನೆ, ಬಾವಿ ಇರುವವರು ನಮ್ಮನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಮಹಾಯೋಜನೆ ಎಂದರೇನು? ಕಸಕ್ಕೂ ಅದಕ್ಕೂ ಏನು ಸಂಬಂಧ?

ನಗರ ಮತ್ತು ಅದರ ಸುತ್ತಲಿನ ಹಳ್ಳಿಗಳನ್ನು ಸೇರಿಸಿ ಸರ್ಕಾರ ಘೋಷಿಸಿದ ಸ್ಥಳೀಯ ಯೋಜನಾ ಪ್ರದೇಶದಲ್ಲಿ ಯಾವ ನೆಲವನ್ನು ಯಾವುದಕ್ಕೆ ಬಳಸಬಹುದು ಎಂದು ನಿಗದಿಪಡಿಸುವ ನಕ್ಷೆ ಮತ್ತು ನಿಯಮಾವಳಿಯೇ ಮಹಾಯೋಜನೆ, ಅಂದರೆ ಎಲ್ಲರೂ ಮಾಸ್ಟರ್ ಪ್ಲಾನ್ ಎನ್ನುವುದು. ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ನಕ್ಷೆಯಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಕೃಷಿಗೆ ತಿಳಿ ಹಸಿರು ಎಂಬಂತೆ ಬಣ್ಣಗಳಿರುತ್ತವೆ. ಕಾಯ್ದೆಯ ಕಲಂ 14ರ ಪ್ರಕಾರ ನೆಲದ ಬಳಕೆ ಈ ನಕ್ಷೆಗೆ ಹೊಂದಿಕೊಂಡೇ ಇರಬೇಕು. ಈ ಮಾತು ಖಾಸಗಿಯವರಿಗೆ ಅನ್ವಯಿಸುವಷ್ಟೇ ನಗರಪಾಲಿಕೆಗೂ ಅನ್ವಯಿಸುತ್ತದೆ.

ಕಸದ ಕಡೆಯಿಂದ ನೋಡಿದರೂ ಇದೇ ಮಾತು ಸಿಗುತ್ತದೆ. 2026ರ ಮಾರ್ಚ್ ಕೊನೆಯವರೆಗೆ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಒಂದನೇ ಅನುಸೂಚಿಯು ಕಸ ಸಂಸ್ಕರಣೆಯ ಮತ್ತು ಭೂಭರ್ತಿಯ, ಅಂದರೆ ಉಳಿಕೆ ಕಸವನ್ನು ನೆಲದಲ್ಲಿ ತುಂಬುವ ಲ್ಯಾಂಡ್‌ಫಿಲ್‌ನ, ತಾಣಗಳನ್ನು ನಗರ ಯೋಜನಾ ಇಲಾಖೆಯ ಭೂ ಉಪಯೋಗ ನಕ್ಷೆಯಲ್ಲಿ ಸೇರಿಸಬೇಕು ಎಂದಿತ್ತು. ಆದ್ದರಿಂದ ‘ಇದು ಸರ್ಕಾರದ್ದೇ ಕೆಲಸ, ನಕ್ಷೆ ಯಾಕೆ’ ಎಂಬ ಉತ್ತರ ಯಾವುದಾದರೂ ಕಚೇರಿಯಲ್ಲಿ ಬಂದರೆ ಅದು ಎರಡು ಕಾನೂನುಗಳನ್ನು ಒಟ್ಟಿಗೆ ಮರೆತ ಉತ್ತರ.

ಜಮೀನು ಈಗಾಗಲೇ ಕನ್ವರ್ಷನ್ ಆಗಿದೆ ಎನ್ನುತ್ತಾರೆ. ಹಾಗಿದ್ದರೆ ಭೂ ಉಪಯೋಗ ಬದಲಾವಣೆಯೂ ಆದಂತೆಯೇ?

ಅಲ್ಲ. ಇವೆರಡೂ ಬೇರೆ ಬೇರೆ. ಕನ್ವರ್ಷನ್ ಅಥವಾ ಭೂ ಪರಿವರ್ತನೆ ಎಂಬುದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಕಲಂ 95ರಡಿ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ತಿರುಗಿಸುವ ಕಂದಾಯ ಇಲಾಖೆಯ ಅನುಮತಿ. ಭೂ ಉಪಯೋಗ ಬದಲಾವಣೆ ಎಂಬುದು ಮಹಾಯೋಜನೆಯ ನಕ್ಷೆಯಲ್ಲಿ ಆ ಜಮೀನಿಗಿರುವ ಬಣ್ಣವನ್ನೇ ಬದಲಿಸುವ ಕ್ರಮ. ಅದನ್ನು ಕೈಗೊಳ್ಳುವುದು ಯೋಜನಾ ಪ್ರಾಧಿಕಾರ, ಅಂದರೆ ಆ ಪ್ರದೇಶದ ಮಹಾಯೋಜನೆಯನ್ನು ತಯಾರಿಸುವ ಸಂಸ್ಥೆ; ಅನುಮೋದಿಸುವುದು ರಾಜ್ಯ ಸರ್ಕಾರ. ಪಹಣಿಯಲ್ಲಿ ಏನು ಬರೆದಿದೆ ಎಂಬುದು ಒಂದು ಪ್ರಶ್ನೆಯಾದರೆ, ನಕ್ಷೆಯಲ್ಲಿ ಯಾವ ಬಣ್ಣವಿದೆ ಎಂಬುದು ಇನ್ನೊಂದು. ಕಚೇರಿಯಲ್ಲಿ ಮಾತನಾಡುವಾಗ ಈ ಎರಡು ಹೆಸರುಗಳನ್ನು ಅದಲುಬದಲು ಮಾಡಿದರೆ ನಿಮ್ಮನ್ನು ತಾಲ್ಲೂಕು ಕಚೇರಿಯಿಂದ ಪ್ರಾಧಿಕಾರಕ್ಕೆ, ಪ್ರಾಧಿಕಾರದಿಂದ ತಾಲ್ಲೂಕು ಕಚೇರಿಗೆ ಓಡಾಡಿಸುವುದು ಬಲು ಸುಲಭ.

ಮಹಾಯೋಜನೆಯನ್ನು ನಡುವೆ ಹೀಗೆ ಬದಲಿಸಲು ಅವಕಾಶವಿದೆಯೇ?

ಇದೆ. ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಅದರ ನಡುವೆ ಬರುವ ಬದಲಾವಣೆಗಳಿಗೆ ಕಲಂ 14ಎ ಇದೆ. ನಕ್ಷೆಯಲ್ಲಿ ತಪ್ಪು ಅಥವಾ ಲೋಪವಿದ್ದರೆ, ವಿವರಗಳನ್ನು ಪೂರ್ತಿ ತೋರಿಸಿಲ್ಲದಿದ್ದರೆ, ಯೋಜನೆಯನ್ನು ಜಾರಿ ಮಾಡುವಾಗ ಬದಲಾವಣೆ ಅಗತ್ಯವಾದರೆ, ಅಥವಾ ಆ ಹೊತ್ತಿನ ಸಂದರ್ಭ ಅದನ್ನು ಬೇಡಿದರೆ, ಪ್ರಾಧಿಕಾರವು ಸರ್ಕಾರದ ಪೂರ್ವಾನುಮೋದನೆ ಪಡೆದು ಭೂ ಉಪಯೋಗವನ್ನು ಬದಲಿಸಬಹುದು. ಅದಕ್ಕೆ ಮೂರು ಷರತ್ತುಗಳಿವೆ: ಬದಲಾವಣೆ ಸಾರ್ವಜನಿಕ ಹಿತದಲ್ಲಿರಬೇಕು, ಯೋಜನಾ ಕಾಯ್ದೆಯನ್ನಾಗಲಿ, ಆ ಪ್ರದೇಶದ ಭೂ ಬಳಕೆಗೆ ಅನ್ವಯಿಸುವ ಬೇರೆ ಯಾವುದೇ ಕಾನೂನನ್ನಾಗಲಿ ಮೀರಬಾರದು, ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು.

ನಮ್ಮ ಅನುಭವದಲ್ಲಿ ಮೂರನೆಯ ಷರತ್ತಿನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಎರಡನೆಯದನ್ನು ಯಾರೂ ಮುಟ್ಟುವುದಿಲ್ಲ. ಬಲವಿರುವುದು ಎರಡನೆಯದರಲ್ಲಿ. ಘನತ್ಯಾಜ್ಯ ನಿಯಮಗಳಲ್ಲಿರುವ ದೂರದ ಮಿತಿಗಳು ನಿಮ್ಮ ಆಕ್ಷೇಪಣೆಯೊಳಗೆ ಬರುವುದು ಈ ಬಾಗಿಲಿನಿಂದಲೇ.

ಎಲ್ಲ ವಿಸ್ತರಣೆಗೂ ಈ ಬದಲಾವಣೆ ಬೇಕೇ?

ಬೇಕೆಂದಿಲ್ಲ. ಕೆಲವು ಊರುಗಳ ವಲಯ ನಿಯಮಾವಳಿಯು, ಅಂದರೆ ಯಾವ ಬಣ್ಣದ ವಲಯದಲ್ಲಿ ಏನೇನು ಮಾಡಬಹುದು ಎಂದು ಹೇಳುವ ನಿಯಮಗಳು, ಕೃಷಿ ವಲಯದೊಳಗೇ ಕೆಲವು ಸಾರ್ವಜನಿಕ ಸೌಲಭ್ಯಗಳಿಗೆ ಅವಕಾಶ ಕೊಡುತ್ತದೆ. ಹಾಗಾಗಿ ಮೊದಲು ಓದಬೇಕಾದದ್ದು ನಿಮ್ಮದೇ ಯೋಜನಾ ಪ್ರದೇಶದ ವಲಯ ನಿಯಮಾವಳಿಯನ್ನು. ಬೆಂಗಳೂರಿನದನ್ನು ಓದಿ ಮಂಗಳೂರಿನಲ್ಲಿ ವಾದಿಸಲಾಗದು.

ಈಗಿರುವ ಯಾರ್ಡೇ ನಕ್ಷೆಯಲ್ಲಿ ಇಲ್ಲದಿದ್ದರೆ?

ಇದು ಅಪರೂಪದ ಪ್ರಶ್ನೆಯಲ್ಲ. ಎಷ್ಟೋ ಊರುಗಳಲ್ಲಿ ಕಸ ಸುರಿಯುವುದು ಶುರುವಾದದ್ದು ಯಾವ ನಕ್ಷೆಯನ್ನೂ ನೋಡಿ ಅಲ್ಲ. ಊರಾಚೆಗೆ ಒಂದು ತಗ್ಗೋ ಹಳೆಯ ಕಲ್ಲು ಕ್ವಾರಿಯೋ ಸರ್ಕಾರಿ ಜಾಗದಲ್ಲಿ ಸಿಕ್ಕಿತು, ಲಾರಿಗಳು ಹೋಗತೊಡಗಿದವು, ಕಾಲಕ್ರಮೇಣ ಅದಕ್ಕೆ ‘ಘಟಕ’ ಎಂಬ ಹೆಸರು ಬಂತು. ಅಂಥ ಕಡೆ ಹತ್ತು ಎಕರೆಯ ವಿಸ್ತರಣೆಗೆಂದು ಹೊರಡುವ ಪ್ರಸ್ತಾವ ಹಳೆಯ ಯಾರ್ಡನ್ನೂ ಜೊತೆಗೆ ಸಕ್ರಮ ಮಾಡಿಕೊಳ್ಳುವ ಪ್ರಸ್ತಾವವಾಗಿರುತ್ತದೆ, ಇಲ್ಲವೇ ಹಳೆಯದರ ಮಾತನ್ನೇ ಎತ್ತದೆ ಹೊಸದಕ್ಕೆ ಮಾತ್ರ ಬಣ್ಣ ಕೇಳುತ್ತದೆ. ಎರಡನೆಯದು ಹೆಚ್ಚು ಜಾಣತನದ್ದು. ‘ಪಕ್ಕದಲ್ಲಿ ಈಗಾಗಲೇ ಘಟಕವಿರುವುದರಿಂದ’ ಎಂಬ ಒಂದೇ ವಾಕ್ಯದಲ್ಲಿ ಹಳೆಯ ತಪ್ಪು ಹೊಸ ಬೇಡಿಕೆಗೆ ಕಾರಣವಾಗಿಬಿಡುತ್ತದೆ.

ಆದ್ದರಿಂದ ಮೊದಲು ಕೇಳಬೇಕಾದದ್ದು ಹಳೆಯದರ ಲೆಕ್ಕ. ಈಗಿನ ಯಾರ್ಡಿನ ಸರ್ವೆ ನಂಬರುಗಳಿಗೆ ಮಹಾಯೋಜನೆಯಲ್ಲಿ ಯಾವ ಉಪಯೋಗ ತೋರಿಸಿದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕೃತ ಅನುಮತಿ ಯಾವ ದಿನಾಂಕದವರೆಗಿದೆ, ಅದರ ಷರತ್ತುಗಳಲ್ಲಿ ಎಷ್ಟು ಪಾಲನೆಯಾಗಿವೆ? ಹಳೆಯದಕ್ಕೆ ಉತ್ತರವಿಲ್ಲದಿರುವಾಗ ಹೊಸದಕ್ಕೆ ಕೊಡುವ ಭರವಸೆಗೆ ಎಷ್ಟು ಬೆಲೆ ಎಂಬುದನ್ನು ಆಕ್ಷೇಪಣೆಯಲ್ಲಿ ನೇರವಾಗಿಯೇ ಬರೆಯಬಹುದು.

ಕಡತ ಯಾವ ದಾರಿಯಲ್ಲಿ ಸಾಗುತ್ತದೆ?

ನಗರಪಾಲಿಕೆ ಅಥವಾ ನಗರಸಭೆ ಯೋಜನಾ ಪ್ರಾಧಿಕಾರಕ್ಕೆ ಪ್ರಸ್ತಾವ ಸಲ್ಲಿಸುತ್ತದೆ. ಪ್ರಾಧಿಕಾರದ ನಗರ ಯೋಜನಾ ಶಾಖೆ ಸ್ಥಳ ತನಿಖೆ ಮಾಡಿ ವರದಿ ಬರೆಯುತ್ತದೆ. ವಿಷಯ ಪ್ರಾಧಿಕಾರದ ಸಭೆಗೆ ಬರುತ್ತದೆ, ಪತ್ರಿಕಾ ಪ್ರಕಟಣೆ ಹೊರಡುತ್ತದೆ, ಬಂದ ಆಕ್ಷೇಪಣೆಗಳ ಮೇಲೆ ನಿರ್ಣಯವಾಗಿ ಎಲ್ಲವೂ ನಗರಾಭಿವೃದ್ಧಿ ಇಲಾಖೆಗೆ ಹೋಗುತ್ತದೆ. ಪ್ರಾಧಿಕಾರದ ಸಭಾ ನಡವಳಿಯ ಪ್ರತಿ ಸಿಕ್ಕರೆ ಬಿಡಬೇಡಿ. ನಿಮ್ಮ ಆಕ್ಷೇಪಣೆಗೆ ಏನಾಯಿತು ಎಂಬುದು ತಿಳಿಯುವುದು ಅದರಿಂದಲೇ.

ನೋಟಿಸನ್ನು ಹೇಗೆ ಗುರುತಿಸುವುದು, ಹೇಗೆ ಓದುವುದು?

ಪತ್ರಿಕೆಯ ಒಳಪುಟದಲ್ಲಿ, ಟೆಂಡರ್ ಪ್ರಕಟಣೆ ಮತ್ತು ‘ಹೆಸರು ಬದಲಾವಣೆ’ ಜಾಹೀರಾತುಗಳ ನಡುವೆ ಅಂಗೈಯಗಲದ ಒಂದು ಚೌಕವಿರುತ್ತದೆ. ‘ಕಲಂ 14ಎ ರನ್ವಯ’ ಎಂಬ ಪದ ಕಂಡರೆ ನಿಲ್ಲಿ. ಅದರಲ್ಲಿ ಗ್ರಾಮ, ಹೋಬಳಿ, ಸರ್ವೆ ನಂಬರ್, ಎಕರೆ-ಗುಂಟೆ, ಈಗಿನ ಉಪಯೋಗ, ಕೋರಿದ ಉಪಯೋಗ, ಆಕ್ಷೇಪಣೆ ಸಲ್ಲಿಸುವ ಗಡುವು, ಇಷ್ಟು ಇರುತ್ತದೆ. ಕೋರಿದ ಉಪಯೋಗದ ಎದುರು ‘ಸಾರ್ವಜನಿಕ ಉಪಯುಕ್ತತೆ’ ಅಥವಾ ‘ಸಾರ್ವಜನಿಕ ಮತ್ತು ಅರೆಸಾರ್ವಜನಿಕ’ ಎಂದಿರಬಹುದೇ ಹೊರತು ‘ಕಸ’ ಎಂಬ ಪದ ಇರಲೇಬೇಕೆಂದಿಲ್ಲ. ಆಸ್ಪತ್ರೆಯೋ ಶಾಲೆಯೋ ಬರುತ್ತದೆಂದುಕೊಂಡು ಪುಟ ತಿರುವಿದವರಿದ್ದಾರೆ.

ಒಮ್ಮೆ ನಾವು ಅಂಥದೊಂದು ನೋಟಿಸನ್ನು ಕೈಯಲ್ಲಿ ಹಿಡಿದು ಗ್ರಾಮ ನಕ್ಷೆಯ ಮುಂದೆ ಕುಳಿತಿದ್ದೆವು. ನೋಟಿಸಿನಲ್ಲಿ ಸರ್ವೆ ನಂಬರ್ ಮಾತ್ರವಿತ್ತು, ಹಿಸ್ಸಾ ನಂಬರ್ ಇರಲಿಲ್ಲ. ಆ ಸರ್ವೆ ನಂಬರು ಮೂವರು ಅಣ್ಣತಮ್ಮಂದಿರ ನಡುವೆ ಪಾಲಾಗಿ ಎಷ್ಟೋ ವರ್ಷವಾಗಿತ್ತು. ಮಾರಲು ಒಪ್ಪಿದ್ದವನು ಒಬ್ಬ. ಬಣ್ಣ ಬದಲಾಗಲಿದ್ದದ್ದು ಯಾರ ಪಾಲಿಗೆ ಎಂಬುದು ಆ ಕಾಗದದಿಂದ ತಿಳಿಯುವಂತಿರಲಿಲ್ಲ. ಚಕ್ಕುಬಂದಿ, ಅಂದರೆ ಜಾಗದ ನಾಲ್ಕೂ ದಿಕ್ಕಿನ ಗಡಿಯ ವಿವರ, ಕೇಳಿದ ಮೇಲೆ ತಿದ್ದುಪಡಿ ಪ್ರಕಟಣೆ ಬಂತು. ಆದ್ದರಿಂದ ಸರ್ವೆ ನಂಬರಿನಷ್ಟಕ್ಕೇ ಬಿಡದೆ ಹಿಸ್ಸಾ, ವಿಸ್ತೀರ್ಣ ಮತ್ತು ಚಕ್ಕುಬಂದಿಯನ್ನು ಪಹಣಿ ಹಾಗೂ ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರ್‌ಬಂದ್‌ನೊಂದಿಗೆ ತಾಳೆ ನೋಡಿ. ಜಾಗದಲ್ಲಿ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂಬ ಅಂದಾಜು ಸಿಗುತ್ತದೆ. ಅದು ಸರ್ವೆಯವರು ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಸಮನಲ್ಲ, ಆದರೆ ಮೊದಲ ದಿನಕ್ಕೆ ಸಾಕು.

ನಮ್ಮ ಸರ್ವೆ ನಂಬರ್ ನೋಟಿಸಿನಲ್ಲಿ ಇಲ್ಲ. ನಮಗೇನೂ ತೊಂದರೆಯಿಲ್ಲ ಅಲ್ಲವೇ?

ಇಡೀ ವಿಷಯದಲ್ಲಿ ಜನ ಮೋಸಹೋಗುವುದು ಇಲ್ಲಿಯೇ. ನೋಟಿಸಿನಲ್ಲಿರುವುದು ಬಣ್ಣ ಬದಲಾಗುವ ಸರ್ವೆ ನಂಬರುಗಳು. ಆ ಬದಲಾವಣೆಯ ಭಾರ ಹೊರುವ ಸರ್ವೆ ನಂಬರುಗಳ ಪಟ್ಟಿ ಅದರಲ್ಲಿ ಇರುವುದಿಲ್ಲ.

ದಿನಕ್ಕೆ ಐದು ಟನ್ನಿಗಿಂತ ಹೆಚ್ಚಿನ ಸಾಮರ್ಥ್ಯದ ಪ್ರತಿ ಕಸ ಸಂಸ್ಕರಣಾ ಮತ್ತು ವಿಲೇವಾರಿ ಘಟಕದ ಸುತ್ತ ಯಾವ ಅಭಿವೃದ್ಧಿಯೂ ಇಲ್ಲದ ತಡೆ ವಲಯ, ಅಂದರೆ ಬಫರ್ ಜೋನ್, ಇರಬೇಕೆಂದು 2016ರ ನಿಯಮಗಳು ಹೇಳಿದ್ದವು. ಅದರ ಅಗಲವನ್ನು ಆಯಾ ಘಟಕಕ್ಕೆ ತಕ್ಕಂತೆ ಮಾಲಿನ್ಯ ನಿಯಂತ್ರಣ ಮಂಡಳಿಯೊಂದಿಗೆ ಸಮಾಲೋಚಿಸಿ ನಿಗದಿ ಮಾಡಬೇಕು. ಇದಲ್ಲದೆ ಭೂಭರ್ತಿಯು ಜನವಸತಿಯಿಂದಲೂ ಕುಡಿಯುವ ನೀರಿನ ಬಾವಿಯಿಂದಲೂ 200 ಮೀಟರ್ ದೂರವಿರಬೇಕೆಂಬ ಮಿತಿ ಪ್ರತ್ಯೇಕವಾಗಿದೆ.

ಒಂದು ಲೆಕ್ಕ ಹಾಕಿ ನೋಡಿ. ವಿಸ್ತರಣೆಗೆಂದು ಕೇಳಿರುವ ಜಮೀನು 40 ಎಕರೆ, ಆಕಾರ ಚೌಕ ಎಂದಿಟ್ಟುಕೊಳ್ಳಿ. ಅದರ ಒಂದು ಬದಿ ಸುಮಾರು 400 ಮೀಟರ್ ಆಗುತ್ತದೆ. ಅದರ ಸುತ್ತ 200 ಮೀಟರ್ ಅಗಲದ ಪಟ್ಟಿ ಎಳೆದರೆ ಆ ಪಟ್ಟಿಯ ವಿಸ್ತೀರ್ಣವೇ ಸುಮಾರು 110 ಎಕರೆ. ನೋಟಿಸಿನಲ್ಲಿ 40 ಎಕರೆ. ಮನೆ ಕಟ್ಟಲು, ಬಡಾವಣೆ ಮಾಡಲು, ಬ್ಯಾಂಕಿನಲ್ಲಿ ಒಳ್ಳೆಯ ಬೆಲೆಗೆ ಅಡ ಇಡಲು ತೊಡಕಾಗುವುದು ಉಳಿದ 110 ಎಕರೆಯವರಿಗೆ. ನೋಟಿಸಿನಲ್ಲಿರುವವರಿಗೆ ಭೂಸ್ವಾಧೀನದ ಪರಿಹಾರವಾದರೂ ಬರುತ್ತದೆ. ಪಟ್ಟಿಯೊಳಗೆ ಬಿದ್ದವರ ಜಮೀನು ಅವರದೇ ಹೆಸರಿನಲ್ಲಿ ಉಳಿಯುತ್ತದೆ, ಆದ್ದರಿಂದಲೇ ಅವರಿಗೆ ಪರಿಹಾರದ ಮಾತೇ ಏಳುವುದಿಲ್ಲ. ಜಮೀನು ಉದ್ದ ಪಟ್ಟಿಯ ಹಾಗಿದ್ದರೆ ಸುತ್ತಳತೆ ಹೆಚ್ಚಿ ಈ ಲೆಕ್ಕ ಇನ್ನೂ ಮೇಲೇರುತ್ತದೆ.

ಹಾಗಾಗಿ ಪ್ರಾಧಿಕಾರಕ್ಕೆ ಕೇಳಬೇಕಾದ ಮೊದಲ ಕಾಗದ: ತಡೆ ವಲಯ ಎಷ್ಟು ಅಗಲ, ಅದರಲ್ಲಿ ಯಾವ ಯಾವ ಸರ್ವೆ ನಂಬರುಗಳು ಬೀಳುತ್ತವೆ ಎಂಬ ನಕ್ಷೆ. ಅದಿನ್ನೂ ನಿಗದಿಯಾಗಿಲ್ಲ ಎಂದರೆ, ನಿಗದಿಯಾಗುವ ಮೊದಲೇ ಆಕ್ಷೇಪಣೆ ಕರೆದದ್ದು ಹೇಗೆ ಎಂಬುದೇ ನಿಮ್ಮ ಆಕ್ಷೇಪಣೆ. ತಡೆ ವಲಯವನ್ನು ಘಟಕದ ಒಟ್ಟು ಜಾಗದ ಒಳಗೇ ಬಿಡಬೇಕೆಂದು 2016ರ ನಿಯಮಗಳೇ ಹೇಳಿದ್ದವು, ಆದ್ದರಿಂದ ನಗರಪಾಲಿಕೆ ಅದನ್ನು ತಾನು ಪಡೆಯುವ ಜಮೀನಿನ ಒಳಗೇ ಬಿಡಲಿ ಎಂಬ ಬೇಡಿಕೆ ನ್ಯಾಯವಾದದ್ದು.

ದೂರದ ಮಿತಿಗಳು ಯಾವುವು?

2016ರ ನಿಯಮಗಳಂತೆ ಭೂಭರ್ತಿ ತಾಣವು ನದಿಯಿಂದ 100 ಮೀಟರ್, ಕೆರೆ ಕಟ್ಟೆಗಳಿಂದ 200 ಮೀಟರ್, ಹೆದ್ದಾರಿ, ಜನವಸತಿ, ಸಾರ್ವಜನಿಕ ಉದ್ಯಾನ ಮತ್ತು ನೀರು ಪೂರೈಕೆಯ ಬಾವಿಗಳಿಂದ 200 ಮೀಟರ್ ದೂರವಿರಬೇಕು. ಕಳೆದ 100 ವರ್ಷಗಳ ದಾಖಲೆಯಲ್ಲಿ ನೆರೆ ಬಂದ ಬಯಲು, ಕರಾವಳಿ ನಿಯಂತ್ರಣ ವಲಯ, ಜೌಗು ಪ್ರದೇಶ ಮತ್ತು ಸೂಕ್ಷ್ಮ ಪರಿಸರ ಪ್ರದೇಶಗಳಲ್ಲಿ ಭೂಭರ್ತಿಗೆ ಅವಕಾಶವಿಲ್ಲ. ವಿಮಾನ ನಿಲ್ದಾಣ ಅಥವಾ ವಾಯುನೆಲೆಯಿಂದ 20 ಕಿಲೋಮೀಟರ್ ದೂರವಿರಬೇಕು. ವಿಶೇಷ ಸಂದರ್ಭದಲ್ಲಿ 10ರಿಂದ 20 ಕಿಲೋಮೀಟರ್ ನಡುವೆ, ವಿಮಾನಯಾನ ಪ್ರಾಧಿಕಾರದ ಅಥವಾ ವಾಯುಪಡೆಯ ನಿರಾಕ್ಷೇಪಣೆ ಪಡೆದು ಮಾಡಬಹುದು. ಕಸದ ಮೇಲೆ ಸುತ್ತುವ ಹದ್ದು ಕಾಗೆಗಳು ವಿಮಾನಕ್ಕೆ ಬಡಿಯಬಾರದೆಂಬುದು ಇದರ ಉದ್ದೇಶ. ಈ ಮಿತಿ ಎಷ್ಟು ಬಿಗಿಯೆಂದು ತಿಳಿಯಲು ಮಂಗಳೂರನ್ನು ನೋಡಿ: ಪಚ್ಚನಾಡಿಯ ಯಾರ್ಡಿಗೂ ಬಜಪೆಯ ವಿಮಾನ ನಿಲ್ದಾಣಕ್ಕೂ ನೇರ ಗೆರೆಯಲ್ಲಿ 10 ಕಿಲೋಮೀಟರ್ ಸಹ ಇಲ್ಲ.

ಒಂದು ಎಚ್ಚರಿಕೆ. 2016ರ ನಿಯಮಗಳ ಜಾಗಕ್ಕೆ ಹೊಸ ನಿಯಮಗಳನ್ನು ತರುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ 2024ರ ಡಿಸೆಂಬರ್‌ನಲ್ಲಿ ಹೊರಡಿಸಿತು. ಅದು 2026ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಾಗಿ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ; ಇಲ್ಲಿ ಕೊಟ್ಟಿರುವ ಅಳತೆಗಳು 2016ರ ನಿಯಮಗಳವು. ನಿಮ್ಮ ನೋಟಿಸಿನ ದಿನಾಂಕದಂದು ಜಾರಿಯಲ್ಲಿರುವ ನಿಯಮವನ್ನೇ ತೆರೆದು, ಅದರ ಸಂಖ್ಯೆಯನ್ನೇ ಉಲ್ಲೇಖಿಸಿ.

ಈ ಅಳತೆಗಳನ್ನೆಲ್ಲ ಸಪಾಟು ನೆಲಕ್ಕೆ ಬರೆದಂತಿದೆ. ಗುಡ್ಡದ ಊರಿನಲ್ಲಿ?

ಒಳ್ಳೆಯ ಪ್ರಶ್ನೆ, ಇದಕ್ಕೆ ಉತ್ತರ ಕೊಟ್ಟದ್ದು ಮಳೆ. 2019ರ ಆಗಸ್ಟ್‌ ತಿಂಗಳ ಭಾರಿ ಮಳೆಗೆ ಪಚ್ಚನಾಡಿಯ ಕಸದ ರಾಶಿ ಕುಸಿದು ಕೆಳಗಿನ ಮಂದಾರದ ಕಣಿವೆಗೆ ಇಳಿಯಿತು. ಅದು ಒಂದು ಗಳಿಗೆಯಲ್ಲಿ ಬಿದ್ದು ನಿಂತ ಕುಸಿತವಾಗಿರಲಿಲ್ಲ, ದಿನಗಟ್ಟಲೆ ಹರಿದ ಕಸ. ತೆಂಗು ಅಡಿಕೆಯ ತೋಟಗಳು ಹೂತುಹೋದವು, ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳನ್ನು ಮನೆ ಬಿಡಿಸಿ ಬೇರೆಡೆಗೆ ಸಾಗಿಸಬೇಕಾಯಿತು. ಕಸ ಹೋಗಿ ನಿಂತ ತೋಟಗಳು ಯಾರ್ಡಿನ ಸರ್ವೆ ನಂಬರುಗಳಲ್ಲಿ ಇರಲಿಲ್ಲ.

ಆದ್ದರಿಂದ ಇಳಿಜಾರಿನ ಜಾಗವಾದರೆ 200 ಮೀಟರನ್ನು ಎಲ್ಲ ದಿಕ್ಕಿಗೂ ಒಂದೇ ರೀತಿ ಅಳೆದು ಸುಮ್ಮನಾಗಬಾರದು. ಕಸ ಯಾವ ಎತ್ತರದವರೆಗೆ ಏರಲಿದೆ, ಇಳಿಜಾರು ಯಾವ ಕಡೆಗಿದೆ, ಮಳೆಗಾಲದಲ್ಲಿ ಯಾವ ತೋಡಿನಲ್ಲಿ ನೀರು ಹರಿಯುತ್ತದೆ, ಆ ತೋಡು ಎಲ್ಲಿ ಸೇರುತ್ತದೆ ಎಂಬುದನ್ನು ಕೇಳಬೇಕು. ಮಹಾಯೋಜನೆಯ ನಕ್ಷೆಯಲ್ಲಿ ಬಣ್ಣ ಮಾತ್ರವಿರುತ್ತದೆ, ಎತ್ತರ ಕಾಣುವುದಿಲ್ಲ. ನೆಲದ ಎತ್ತರ ತಗ್ಗು ತೋರಿಸುವ ಸಮೋನ್ನತ ರೇಖೆಗಳಿರುವ ನಕ್ಷೆಯನ್ನು ಪ್ರಸ್ತಾವಕ್ಕೆ ಲಗತ್ತಿಸಿದ್ದಾರೆಯೇ ಎಂದು ನೋಡಿ. ಇಲ್ಲದಿದ್ದರೆ ಅದನ್ನು ಒದಗಿಸಿದ ಮೇಲೆಯೇ ಆಕ್ಷೇಪಣೆಯ ಗಡುವು ಎಣಿಸಬೇಕೆಂದು ಬರೆಯಿರಿ.

ವಿಸ್ತರಣೆಗೆ ಗೋಮಾಳವನ್ನು ಕೊಡಬಹುದೇ?

ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಲು ಜಿಲ್ಲಾಧಿಕಾರಿಗೆ ಭೂ ಕಂದಾಯ ಕಾಯ್ದೆಯಲ್ಲಿ ಅಧಿಕಾರವಿದೆ. ಆದರೆ 1966ರ ಭೂ ಕಂದಾಯ ನಿಯಮಗಳ ನಿಯಮ 97ರಂತೆ ಊರಿನ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಉಳಿಯಬೇಕೆಂಬ ಲೆಕ್ಕವಿದೆ. ಊರಿನ ಜಾನುವಾರು ಗಣತಿಯ ಅಂಕಿಯನ್ನು ಪಶುವೈದ್ಯ ಆಸ್ಪತ್ರೆಯಿಂದ ಪಡೆದು ಈ ಲೆಕ್ಕವನ್ನು ನೀವೇ ಮಾಡಬಹುದು. ಕಾಗದದಲ್ಲಿ ‘ಹೆಚ್ಚುವರಿ ಗೋಮಾಳ’ ಎಂದಿದ್ದರೆ ಯಾವ ವರ್ಷದ ಗಣತಿಯಿಂದ ಹೆಚ್ಚುವರಿ ಎಂದು ಕೇಳಿ.

ಬಣ್ಣ ಬದಲಾದರೆ ನಮ್ಮ ಖಾಸಗಿ ಜಮೀನು ಸರ್ಕಾರದ್ದಾಗುತ್ತದೆಯೇ?

ಇಲ್ಲ. ಮಾಲೀಕತ್ವ ನಿಮ್ಮದೇ. ಅದನ್ನು ಪಡೆಯಲು ನಗರಪಾಲಿಕೆ ನಿಮ್ಮಿಂದ ಕ್ರಯಕ್ಕೆ ಪಡೆಯಬೇಕು ಅಥವಾ 2014ರ ಜನವರಿ 1ರಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆಯಡಿ ಸ್ವಾಧೀನ ಪಡಿಸಿಕೊಳ್ಳಬೇಕು. ಆದರೆ ಬಣ್ಣ ಬದಲಾದ ದಿನದಿಂದ ಆ ಜಮೀನಿನಲ್ಲಿ ಬೇರೆ ಅಭಿವೃದ್ಧಿಗೆ ಅನುಮತಿ ಸಿಗುವುದು ಕಷ್ಟ, ಕೊಳ್ಳುವವರೂ ಹಿಂದೆ ಸರಿಯುತ್ತಾರೆ. ಮಹಾಯೋಜನೆಯಲ್ಲಿ ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಜಮೀನನ್ನು ಐದು ವರ್ಷದೊಳಗೆ ಒಪ್ಪಂದದಿಂದ ಪಡೆಯದೆ, ಸ್ವಾಧೀನದ ಕ್ರಮವನ್ನೂ ಆರಂಭಿಸದಿದ್ದರೆ ಆ ಗುರುತು ರದ್ದಾಗುತ್ತದೆ ಎಂದು ಯೋಜನಾ ಕಾಯ್ದೆಯ ಕಲಂ 69 ಹೇಳುತ್ತದೆ. ನಿಮ್ಮ ಪ್ರಕರಣಕ್ಕೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ವಕೀಲರಿಂದ ಖಚಿತಪಡಿಸಿಕೊಳ್ಳಿ.

ಆಕ್ಷೇಪಣೆಯನ್ನು ಹೇಗೆ ಬರೆಯಬೇಕು?

‘ನಮ್ಮ ಊರಿಗೆ ಕಸ ಬೇಡ’ ಎಂದು ನೂರು ಜನ ಸಹಿ ಹಾಕಿದ ಒಂದೇ ಮನವಿಗಿಂತ, ಹತ್ತು ಮನೆಗಳವರು ತಮ್ಮ ತಮ್ಮ ಬಾವಿ, ಮನೆ, ಸರ್ವೆ ನಂಬರನ್ನು ಹೆಸರಿಸಿ ಬರೆದ ಹತ್ತು ಪತ್ರಗಳು ಹೆಚ್ಚು ಕೆಲಸ ಮಾಡುತ್ತವೆ. ಒಂದು ಮನವಿಗೆ ಒಂದೇ ಉತ್ತರ ಸಾಕು: ‘ಪರಿಶೀಲಿಸಲಾಗಿದೆ’. ಹತ್ತು ಬಾವಿಗಳಿಗೆ ಹತ್ತು ಅಳತೆ ಬೇಕಾಗುತ್ತದೆ.

ಪತ್ರದಲ್ಲಿ ನೋಟಿಸಿನ ದಿನಾಂಕ, ಪತ್ರಿಕೆಯ ಹೆಸರು, ಸರ್ವೆ ನಂಬರ್ ಮೊದಲು ಬರಲಿ. ನಿಮ್ಮ ಮನೆ ಅಥವಾ ಬಾವಿ ಪ್ರಸ್ತಾವಿತ ಗಡಿಯಿಂದ ಎಷ್ಟು ಮೀಟರ್ ಎಂಬುದನ್ನು ಟೇಪು ಹಿಡಿದು ಅಳೆದು ಬರೆಯಿರಿ, ದಾರಿಯ ಮೇಲಿನ ದೂರವಲ್ಲ, ನೇರ ಗೆರೆಯ ದೂರ. ಬಾವಿ ನೀರನ್ನು ಪರೀಕ್ಷೆಗೆ ಕೊಟ್ಟ ವರದಿಯಿದ್ದರೆ ಲಗತ್ತಿಸಿ. ವಿಸ್ತರಣೆಗೆ ಮೊದಲಿನ ನೀರಿನ ಸ್ಥಿತಿ ದಾಖಲಾಗಿದ್ದರೆ ಮುಂದೆ ‘ಇದು ಮೊದಲಿಂದಲೂ ಹೀಗೇ ಇತ್ತು’ ಎಂದು ಯಾರೂ ಹೇಳಲಾರರು. ಅಂತರ್ಜಲದ ಮೂಲ ಸ್ಥಿತಿಯ ದಾಖಲೆಯನ್ನು ಘನತ್ಯಾಜ್ಯ ನಿಯಮಗಳೂ ಕೇಳುತ್ತವೆ. ಕಲಂ 14ಎ ಹೇಳುವ ಕಾರಣಗಳಲ್ಲಿ ಯಾವುದರಡಿ ಈ ಬದಲಾವಣೆ ಎಂದು ಪ್ರಶ್ನಿಸಿ. ಖುದ್ದು ವಿಚಾರಣೆಗೆ ಅವಕಾಶ ಕೋರಿ. ಕೊನೆಗೆ, ಟಪಾಲು ಶಾಖೆಯ ಮೊಹರು ಬಿದ್ದ ನಕಲು ನಿಮ್ಮ ಕೈಯಲ್ಲಿರಲಿ. ‘ಇಟ್ಟು ಹೋಗಿ, ಸಾಹೇಬರಿಗೆ ಕೊಡುತ್ತೇವೆ’ ಎಂಬ ಮಾತಿಗೆ ಮೊಹರಿಲ್ಲ.

ಪೂರ್ತಿ ವಿರೋಧಿಸದೆ ಷರತ್ತು ಹಾಕಿ ಒಪ್ಪಬಹುದೇ?

ಖಂಡಿತ. ಎಲ್ಲ ವಿಸ್ತರಣೆಯೂ ಕೆಟ್ಟದ್ದು ಎನ್ನಲಾಗದು. ನಗರದ ಕಸ ಎಲ್ಲಿಯಾದರೂ ಹೋಗಲೇಬೇಕು, ನಿಯಮದಂತೆ ಕಟ್ಟಿದ ಭೂಭರ್ತಿ ಬೇರೆ, ತೆರೆದ ಗುಡ್ಡೆ ಬೇರೆ. ನಿಯಮದಂತೆ ಎಂದರೆ ತಳದಲ್ಲಿ 90 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ, ಆ ಮಣ್ಣಿನ ಪದರದಿಂದ ಅಂತರ್ಜಲದ ಗರಿಷ್ಠ ಮಟ್ಟ ಕನಿಷ್ಠ ಎರಡು ಮೀಟರ್ ಕೆಳಗೆ, ಕಸದ ರಸವನ್ನು ಹಿಡಿದು ಶುದ್ಧೀಕರಿಸುವ ವ್ಯವಸ್ಥೆ, ದಿನದ ಕಸದ ಮೇಲೆ 10 ಸೆಂಟಿಮೀಟರ್ ಮಣ್ಣಿನ ಹೊದಿಕೆ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿಗೆ ಬರಬೇಕಾದದ್ದು ಮರುಬಳಕೆಯಾಗದ, ಕೊಳೆಯದ, ಉರಿಯದ ಉಳಿಕೆ ಮಾತ್ರ. ಹೋಟೆಲಿನ ಎಂಜಲು ಬರುತ್ತಿದ್ದರೆ ಅದು ಭೂಭರ್ತಿಯೇ ಅಲ್ಲ.

ಈ ಷರತ್ತುಗಳನ್ನು ಸಭೆಯಲ್ಲಿ ಬಾಯಿಮಾತಿನಲ್ಲಿ ಒಪ್ಪಿಸಿಕೊಂಡರೆ ಪ್ರಯೋಜನವಿಲ್ಲ, ಸರ್ಕಾರದ ಆದೇಶದಲ್ಲಿಯೇ ಬರಬೇಕು.

ಗ್ರಾಮ ಪಂಚಾಯಿತಿ ವಿರೋಧದ ನಿರ್ಣಯ ಮಾಡಿದರೆ ಸಾಕೇ?

ಸಾಲದು. ಯೋಜನಾ ಕಾಯ್ದೆಯಡಿ ಆ ನಿರ್ಣಯಕ್ಕೆ ಪ್ರಸ್ತಾವವನ್ನು ನಿಲ್ಲಿಸುವ ಬಲವಿಲ್ಲ. ಆದರೂ ಮಾಡಿಸಿ, ಆಕ್ಷೇಪಣೆಯಾಗಿ ಗಡುವಿನೊಳಗೆ ಸಲ್ಲಿಸಿ.

ಪರಿಸರ ಅಹವಾಲು ಸಭೆ ನಡೆಯುತ್ತದಲ್ಲ, ಅಲ್ಲೇ ಎಲ್ಲ ಹೇಳಿದರಾಗದೇ?

ಅದು ಬೇರೆ ಕಾನೂನು, ಬೇರೆ ಕಡತ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಸಾಮೂಹಿಕ ನಗರ ಘನತ್ಯಾಜ್ಯ ಘಟಕಗಳು 7(ಐ) ಎಂಬ ಬಾಬಿನಲ್ಲಿವೆ. ಆ ಸಭೆಯನ್ನು ಏರ್ಪಡಿಸುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಅದಕ್ಕೆ 30 ದಿನಗಳ ಮುಂಚಿತ ಪ್ರಕಟಣೆ ಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ, ಎಲ್ಲವೂ ವಿಡಿಯೊ ದಾಖಲೆಯಾಗುತ್ತದೆ. ಶಾಮಿಯಾನ, ಮೈಕು, ಪೊಲೀಸರು ಇರುವುದರಿಂದ ಜನ ಸೇರುವುದೂ ಅಲ್ಲಿಗೇ. ಕಲಂ 14ಎ ನೋಟಿಸಿಗೆ ಶಾಮಿಯಾನವಿಲ್ಲ. ಅಹವಾಲು ಸಭೆಯ ಹೊತ್ತಿಗೆ ‘ಜಾಗದ ಪ್ರಶ್ನೆ ಇತ್ಯರ್ಥವಾಗಿದೆ, ಈಗ ಮಾಲಿನ್ಯ ತಡೆಯ ಬಗ್ಗೆ ಮಾತ್ರ ಹೇಳಿ’ ಎಂಬ ಮಾತು ವೇದಿಕೆಯಿಂದ ಬರಬಹುದು. ‘ಇಲ್ಲೇ ಯಾಕೆ’ ಎಂದು ಕೇಳುವ ಜಾಗ ಹೆಚ್ಚಿನಂಶ ಮೊದಲನೆಯ ಕಡತದಲ್ಲಿದೆ. ಎರಡೂ ಕಡೆ ಹೇಳಿ.

ಹಳೆಯ ಕಸವನ್ನು ಬಯೋಮೈನಿಂಗ್ ಮಾಡಿ ತೆಗೆದರೆ ವಿಸ್ತರಣೆಯೇ ಬೇಡವಲ್ಲವೇ?

ಕೇಳಲೇಬೇಕಾದ ಪ್ರಶ್ನೆ. ಹಳೆಯ ರಾಶಿಯನ್ನು ಅಗೆದು, ಜರಡಿ ಹಿಡಿದು, ಮಣ್ಣು, ಪ್ಲಾಸ್ಟಿಕ್, ಕಲ್ಲು ಬೇರೆ ಮಾಡಿದರೆ ನೆಲ ಮರಳಿ ಸಿಗುತ್ತದೆ. 2016ರ ನಿಯಮಗಳು ಹಳೆಯ ಗುಡ್ಡೆಗಳಲ್ಲಿ ಇದರ ಸಾಧ್ಯತೆಯನ್ನು ಪರಿಶೀಲಿಸಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ಹೇಳಿದವು. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಸ್ವಚ್ಛ ಭಾರತ ನಗರ ಯೋಜನೆಯ ಎರಡನೇ ಹಂತ ಅದನ್ನು ಗುರಿಯಾಗಿಯೇ ಇಟ್ಟುಕೊಂಡಿತು. ಹಾಗಾದರೆ ಎಷ್ಟು ಎಕರೆ ಮರಳಿ ಸಿಗಲಿದೆ, ಅದನ್ನು ಕಳೆದು ಇನ್ನೆಷ್ಟು ಬೇಕು ಎಂಬ ಲೆಕ್ಕ ಪ್ರಸ್ತಾವದಲ್ಲಿ ಇರಬೇಕು. ಬಯೋಮೈನಿಂಗ್ ಟೆಂಡರ್ ಒಂದು ಕಪಾಟಿನಲ್ಲಿ, ವಿಸ್ತರಣೆಯ ಪ್ರಸ್ತಾವ ಇನ್ನೊಂದರಲ್ಲಿ ಇದ್ದರೆ, ಎರಡನ್ನೂ ಒಂದೇ ಮೇಜಿನ ಮೇಲೆ ತರುವ ಕೆಲಸ ನಿಮ್ಮ ಆಕ್ಷೇಪಣೆಯದು.

ಜನರ ಹೋರಾಟದಿಂದ ಕಸ ನಿಂತ ಉದಾಹರಣೆ ಇದೆಯೇ?

ಇದೆ. ಬೆಂಗಳೂರಿನ ಮಾವಳ್ಳಿಪುರದಲ್ಲಿ 2012ರಲ್ಲಿ ಕಸ ಸುರಿಯುವುದು ನಿಂತು ಇಡೀ ನಗರದ ಬೀದಿಗಳಲ್ಲಿ ಕಸ ಕೊಳೆಯಿತು. ಹಸಿ ಕಸ ಒಣ ಕಸ ಬೇರ್ಪಡಿಸುವುದು ನಗರದಲ್ಲಿ ಕಡ್ಡಾಯದ ಮಾತಾದದ್ದು ಆ ಬಿಕ್ಕಟ್ಟಿನಿಂದಲೇ. 2014ರ ಜೂನ್‌ನಲ್ಲಿ ಬೆಂಗಳೂರಿನ ಕಸ ಹೋಗುತ್ತಿದ್ದ ಮಂಡೂರಿನವರು ಲಾರಿಗಳನ್ನು ತಡೆದು ನಿಂತರು, ಸರ್ಕಾರ ಗಡುವು ಕೊಟ್ಟಿತು, ವರ್ಷ ಮುಗಿಯುವ ಹೊತ್ತಿಗೆ ಲಾರಿ ನಿಂತಿತು. ಆದರೆ ಲಾರಿ ನಿಲ್ಲುವುದೂ ನಕ್ಷೆ ಬದಲಾಗುವುದೂ ಒಂದಲ್ಲ. ಸರ್ಕಾರದ ಬಾಯಿಮಾತಿನ ಭರವಸೆಯಿಂದ ಮಹಾಯೋಜನೆಯ ಬಣ್ಣ ತಾನಾಗಿ ಹಿಂದಕ್ಕೆ ಹೋಗುವುದಿಲ್ಲ. ಒಮ್ಮೆ ಕಸಕ್ಕೆಂದು ಬಣ್ಣ ಬಿದ್ದ ಜಾಗ ಮುಂದಿನ ಪರಿಷ್ಕರಣೆಯವರೆಗೆ ಹಾಗೆಯೇ ಕಾದಿರುತ್ತದೆ.

ಆದೇಶ ಹೊರಬಿದ್ದರೆ ಎಲ್ಲಿ ಪ್ರಶ್ನಿಸಬೇಕು?

ಭೂ ಉಪಯೋಗ ಬದಲಾವಣೆಯ ಆದೇಶವನ್ನು ರಿಟ್ ಅರ್ಜಿಯ ಮೂಲಕ ಹೈಕೋರ್ಟಿನಲ್ಲಿ. ಪರಿಸರ ಅನುಮತಿಯನ್ನಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದಲ್ಲಿ, 30 ದಿನಗಳೊಳಗೆ. ಸಕಾರಣವಿದ್ದರೆ ಇನ್ನೂ 60 ದಿನಗಳವರೆಗೆ ವಿನಾಯಿತಿ ಸಿಗಬಹುದು. ನಗರ ಯೋಜನಾ ಕಾಯ್ದೆಯು ಹಸಿರು ನ್ಯಾಯಮಂಡಳಿಯ ವ್ಯಾಪ್ತಿಯ ಕಾನೂನುಗಳ ಪಟ್ಟಿಯಲ್ಲಿಲ್ಲ, ಆದ್ದರಿಂದ ಒಂದೇ ಕಡೆ ಎರಡನ್ನೂ ಮುಗಿಸಬಹುದೆಂದು ಭಾವಿಸಿ ಗಡುವು ಕಳೆದುಕೊಳ್ಳಬೇಡಿ.

ನೆರೆಯವರಿಗೆ ಪ್ರಶ್ನಿಸುವ ಹಕ್ಕಿದೆಯೇ ಎಂಬ ಸಂಶಯಕ್ಕೆ ಸುಪ್ರೀಂ ಕೋರ್ಟ್ 1991ರಲ್ಲಿ ಬೆಂಗಳೂರಿನದೇ ಪ್ರಕರಣವೊಂದರಲ್ಲಿ ಉತ್ತರಿಸಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಆ ಬಡಾವಣೆಯ ನಿವಾಸಿಗಳು ಪ್ರಶ್ನಿಸಿದ್ದರು, ಬಿ. ಎಸ್. ಮುದ್ದಪ್ಪ ಪ್ರಕರಣವೆಂದು ಅದು ಪ್ರಸಿದ್ಧ. ಜಾಗ ತಮ್ಮದಲ್ಲದಿದ್ದರೂ ನಿವಾಸಿಗಳು ಪ್ರಶ್ನಿಸಬಹುದೆಂದು ಕೋರ್ಟ್ ಒಪ್ಪಿ, ಆ ಹಂಚಿಕೆ ನಿಲ್ಲುವುದಿಲ್ಲ ಎಂದಿತು. ಅದು ಬೇರೆ ಕಾಯ್ದೆಯಡಿಯ ಪ್ರಕರಣವಾದರೂ, ನಿವಾಸಿಗಳ ಹಕ್ಕಿನ ಮಾತು ಇಲ್ಲಿಗೂ ನೆರವಾಗುತ್ತದೆ.

ಮಾಹಿತಿ ಹಕ್ಕಿನಲ್ಲಿ ಏನೇನು ಕೇಳಬೇಕು?

ಸ್ಥಳ ತನಿಖಾ ವರದಿ, ಟಿಪ್ಪಣಿ ಹಾಳೆಗಳು, ಪ್ರಾಧಿಕಾರದ ಸಭಾ ನಡವಳಿ, ತಡೆ ವಲಯದ ನಕ್ಷೆ, ಹಳೆಯ ಯಾರ್ಡಿನ ಅಂತರ್ಜಲ ಪರೀಕ್ಷೆಯ ವರದಿಗಳು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ ಮತ್ತು 150 ಪದಗಳ ಮಿತಿ ಇರುವುದರಿಂದ ಇವನ್ನು ಎರಡು ಮೂರು ಅರ್ಜಿಗಳಾಗಿ ಒಡೆಯಿರಿ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ ಬೇಕು, ಆಕ್ಷೇಪಣೆಯ ಗಡುವು ಅಷ್ಟು ಕಾಯುವುದಿಲ್ಲ. ಹಾಗಾಗಿ ಮೊದಲು ಆಕ್ಷೇಪಣೆ ಸಲ್ಲಿಸಿ, ‘ದಾಖಲೆ ಸಿಕ್ಕ ಮೇಲೆ ಹೆಚ್ಚುವರಿ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡಬೇಕು’ ಎಂದು ಅದರಲ್ಲೇ ಒಂದು ಸಾಲು ಸೇರಿಸಿ.

ಯಾರ್ಡ್ ತುಂಬಿ ಮುಚ್ಚಿದ ಮೇಲೆ ಆ ನೆಲ ಏನಾಗುತ್ತದೆ?

ಅಂತಿಮ ಹೊದಿಕೆಯಾಗಿ 60 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ 15 ಸೆಂಟಿಮೀಟರ್ ನೀರು ಬಸಿಯುವ ಪದರ, ಅದರ ಮೇಲೆ ಗಿಡ ಬೆಳೆಯಲು 45 ಸೆಂಟಿಮೀಟರ್ ಮಣ್ಣು ಹಾಕಬೇಕು. ಆಮೇಲೂ ಕನಿಷ್ಠ 15 ವರ್ಷ ಕಸದ ರಸ, ಅನಿಲ ಮತ್ತು ಅಂತರ್ಜಲವನ್ನು ಗಮನಿಸುತ್ತಿರಬೇಕು. ಆ 15 ವರ್ಷಗಳ ಪರೀಕ್ಷೆಯಲ್ಲಿ ಎಲ್ಲವೂ ಮಿತಿಯೊಳಗಿದೆ ಎಂದು ಖಚಿತವಾದ ಮೇಲೆಯೇ ಅಲ್ಲಿ ಜನವಸತಿಯ ಮಾತು. ಭೂಭರ್ತಿ ತಾಣವೊಂದು 20ರಿಂದ 25 ವರ್ಷ ಬಾಳಿಕೆ ಬರುವಷ್ಟು ದೊಡ್ಡದಿರಬೇಕೆಂದೂ ನಿಯಮವಿರುವುದರಿಂದ, ಈ ವರ್ಷ ಬದಲಾಗುವ ಬಣ್ಣ ಸುಮಾರು 40 ವರ್ಷ ಆ ಸರ್ವೆ ನಂಬರಿನ ಮೇಲೂ, ನೋಟಿಸಿನಲ್ಲಿಲ್ಲದ ಅಕ್ಕಪಕ್ಕದ ಸರ್ವೆ ನಂಬರುಗಳ ಮೇಲೂ ಇರುತ್ತದೆ.